ಪ್ರವಾದಿಯ ಮನೆಯೂ ಅನುಯಾಯಿಗಳ ನಿಷ್ಠೆಯೂ

ಹಲವು ಹೆಂಡಿರನ್ನು ಮದುವೆಯಾದ ಧರ್ಮನಾಯಕನನ್ನು ಜನರು, ಅದರಲ್ಲೂ ಸ್ತ್ರೀಯರು, ಏಕೆ ಬಿಟ್ಟುಹೋಗುವುದಿಲ್ಲ? ಅವರನ್ನು ಮೂಢರೆಂದು ಕರೆದು ಪುಟ ಮಗುಚುವುದು ಸುಲಭ. ಅಮೆರಿಕದ ಮಾರ್ಮನ್ ಪಂಥದ ಚರಿತ್ರೆ ಆ ಸುಲಭದ ಉತ್ತರಕ್ಕೆ ಎಡೆಗೊಡುವುದಿಲ್ಲ.

1830ರಲ್ಲಿ ಈ ಪಂಥವನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್ ಬಹುಪತ್ನಿತ್ವವನ್ನು ಮೊದಲು ಗುಟ್ಟಾಗಿ ಆಚರಿಸಿ, 1843ರಲ್ಲಿ ಅದನ್ನು ದೈವಪ್ರಕಟನೆಯೆಂದು ಬರೆಯಿಸಿದನು. ಅಬ್ರಹಾಮನಿಗೂ ಯಕೋಬನಿಗೂ ಹಲವು ಪತ್ನಿಯರಿದ್ದರೆಂಬುದು ಅದಕ್ಕೆ ಆಧಾರ. ಹಳೆಯ ಒಡಂಬಡಿಕೆಯನ್ನು ಓದಿ ಬೆಳೆದವರಿಗೆ ಇದನ್ನು ತಳ್ಳಿಹಾಕುವುದು ಕಷ್ಟವಾಯಿತು. ಹಾಗರಳ ಕಣ್ಣೀರೂ ಅದೇ ಗ್ರಂಥದಲ್ಲಿದೆ ಎಂಬುದನ್ನು ಯಾರು ನೆನಪಿಸಬೇಕಿತ್ತು! 1844ರಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಸ್ಮಿತ್‌ನನ್ನು ಕೊಂದಿತು. ಉತ್ತರಾಧಿಕಾರಿ ಬ್ರಿಗಂ ಯಂಗ್ 1847ರಲ್ಲಿ ಜನರನ್ನು ಯೂಟಾದ ಒಣ ಕಣಿವೆಗೆ ಕರೆದೊಯ್ದನು. ಅವನಿಗೆ ಐವತ್ತಕ್ಕೂ ಹೆಚ್ಚು ಪತ್ನಿಯರಿದ್ದರು.

ಆ ಕಣಿವೆಗೆ ಬಂದವರಲ್ಲಿ ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾಗಳ ಬಡವರು ಬಹಳ. ಪಂಥದ ವಲಸೆ ನಿಧಿಯ ಸಾಲದಲ್ಲಿ ಹಡಗು ಹತ್ತಿದವರು ಅನೇಕರು. 1856ರಲ್ಲಿ ಕೈಗಾಡಿಗಳನ್ನೆಳೆದುಕೊಂಡು ಸುಮಾರು 2,000 ಕಿಲೋಮೀಟರ್ ನಡೆದು ಹೊರಟ ಎರಡು ತಂಡಗಳು ಹಿಮಕ್ಕೆ ಸಿಲುಕಿ, ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ದಾರಿಯಲ್ಲಿ ಮಗುವನ್ನು ಹೂತು ಬಂದ ತಾಯಿ, ಈ ಪ್ರವಾದಿ ಸುಳ್ಳನೆಂದು ಒಪ್ಪಿದರೆ ಆ ಸಮಾಧಿಗೆ ಅರ್ಥವೇನು ಉಳಿದೀತು? ತ್ಯಾಗವೇ ನಂಬಿಕೆಗೆ ಬೇಲಿಯಾಗುತ್ತದೆ.

ಮೂಡಿಗೆರೆ, ಕಳಸಗಳ ಕಡೆಯ ವಾಚಕರಿಗೆ ಇದರ ಇನ್ನೊಂದು ಮುಖ ಬೇಗ ಅರ್ಥವಾದೀತು. ಘಟ್ಟ ಹತ್ತಿ ಬಂದು ತೋಟದ ಲೈನ್ ಮನೆಯಲ್ಲಿ ನೆಲೆಸಿದ ಕುಟುಂಬಕ್ಕೆ ಕೆಲಸ ಬಿಡುವುದೆಂದರೆ ಸೂರನ್ನೂ ನೆರೆಯವರನ್ನೂ ಒಟ್ಟಿಗೆ ಬಿಡುವುದು. ಯೂಟಾದಲ್ಲಿ ಹೊಲ, ನೀರಿನ ಕಾಲುವೆ, ಬಂಧುಬಳಗ ಎಲ್ಲವೂ ಪಂಥದೊಳಗೇ ಇದ್ದವು.

ಸ್ತ್ರೀಯರು ಮೂಕರಾಗಿರಲಿಲ್ಲ. ಬಹುಪತ್ನಿತ್ವದ ವಿರುದ್ಧದ ಮಸೂದೆಯನ್ನು ಖಂಡಿಸಲು 1870ರ ಜನವರಿಯಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಸಾವಿರಾರು ಸ್ತ್ರೀಯರು ಸಭೆ ಸೇರಿದರು. ಮರುತಿಂಗಳೇ ಯೂಟಾ ಅವರಿಗೆ ಮತದಾನದ ಹಕ್ಕು ನೀಡಿತು. 1887ರಲ್ಲಿ ಅದನ್ನು ಕಿತ್ತುಕೊಂಡದ್ದು ಅವರನ್ನು ‘ಬಿಡುಗಡೆ’ ಮಾಡಹೊರಟ ಅಮೆರಿಕದ ಸಂಸತ್ತು. ಹೊರಗಿನ ದಂಡನೆ ಒಳಗಿನ ಕಟ್ಟನ್ನು ಬಿಗಿಗೊಳಿಸಿತೆಂದೇ ನನ್ನ ಅನಿಸಿಕೆ.

1890ರಲ್ಲಿ ನಾಯಕ ವಿಲ್‌ಫೋರ್ಡ್ ವುಡ್ರಫ್ ಹೊಸ ಬಹುಪತ್ನಿ ವಿವಾಹಗಳನ್ನು ನಿಲ್ಲಿಸುವಂತೆ ಘೋಷಿಸಿದರು. ಆಗ ನಡೆದದ್ದು ಗಮನಾರ್ಹ. ನಾಯಕನ ಮಾತನ್ನೇ ಮೀರಿ ಕೆಲವರು ಬಹುಪತ್ನಿತ್ವವನ್ನು ಉಳಿಸಿಕೊಂಡರು. ಅವರ ನಿಷ್ಠೆ ವ್ಯಕ್ತಿಗಲ್ಲ, ತಾವು ಕಟ್ಟಿಕೊಂಡ ಬಾಳಿಗೆ. ಮುಖ್ಯ ಪಂಥ ಮುಂದೆ ಇಂಥವರನ್ನು ಬಹಿಷ್ಕರಿಸಿತು.

ಹಾಗೆ ಸಿಡಿದ ಒಂದು ಗುಂಪು ಯೂಟಾ–ಅರಿಜೋನಾ ಗಡಿಯ ಷಾರ್ಟ್ ಕ್ರೀಕ್‌ನಲ್ಲಿ ನೆಲೆಸಿತು. ಅಲ್ಲಿ ಮನೆಗಳೆಲ್ಲ 1942ರಲ್ಲಿ ರಚಿತವಾದ ದತ್ತಿಯ ಹೆಸರಿನಲ್ಲಿದ್ದವು. 2002ರಲ್ಲಿ ಅಧಿಕಾರಕ್ಕೆ ಬಂದ ವಾರನ್ ಜೆಫ್ಸ್, ಮುನಿದಾಗ ಗಂಡಸರನ್ನು ಹೊರಹಾಕಿ, ಅವರ ಹೆಂಡತಿ ಮಕ್ಕಳನ್ನು ಬೇರೊಬ್ಬರಿಗೆ ಒಪ್ಪಿಸುತ್ತಿದ್ದನು. ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2011ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸೆರೆಮನೆಯಿಂದ ಬಂದ ಅವನ ಆಜ್ಞೆಗಳನ್ನೂ ಹಲವರು ಪಾಲಿಸಿದರು.

2005ರಲ್ಲಿ ನ್ಯಾಯಾಲಯ ಆ ದತ್ತಿಯನ್ನು ವಶಕ್ಕೆ ತೆಗೆದುಕೊಂಡಿತು. ಮನೆಗಳು ಕ್ರಮೇಣ ವ್ಯಕ್ತಿಗಳ ಹೆಸರಿಗೆ ಬರತೊಡಗಿದಾಗ, ಹಿಂದೆ ಹೊರಬಿದ್ದಿದ್ದ ಅನೇಕರು ಮರಳಿದರು. ಆದರೆ ನಿಷ್ಠರಾದ ಕೆಲವು ಕುಟುಂಬಗಳು ಕರಾರಿಗೆ ಸಹಿ ಹಾಕಲೊಪ್ಪದೆ, ತಾವೇ ಕಟ್ಟಿದ ಮನೆಗಳಿಂದ ಹೊರನಡೆದವು. ಸೂರಿನ ಆಸೆಯೊಂದೇ ಅವರನ್ನು ಹಿಡಿದಿಟ್ಟಿತ್ತೆಂದು ಹೇಳಲಾಗದು.