ಯಾವ ಊರಿನ ಮಗು, ಯಾವ ಶಾಲೆಗೆ? ಪ್ರವೇಶ ವ್ಯಾಪ್ತಿಯ ನೂರು ವರ್ಷ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಹೊರಟರೆ ತುಂಗಾ ಅಣೆಕಟ್ಟಿನ ಗಾಜನೂರು ಸಿಗುತ್ತದೆ. ಇಲ್ಲಿನ ಜವಾಹರ ನವೋದಯ ವಿದ್ಯಾಲಯಕ್ಕೆ ಸೊರಬ, ಸಾಗರ, ಹೊಸನಗರ, ಶಿಕಾರಿಪುರ, ತೀರ್ಥಹಳ್ಳಿ, ಭದ್ರಾವತಿ, ಶಿವಮೊಗ್ಗ ಹೀಗೆ ಜಿಲ್ಲೆಯ ಏಳೂ ತಾಲ್ಲೂಕುಗಳ ಮಕ್ಕಳು ಪರೀಕ್ಷೆ ಬರೆದು ಬರುತ್ತಾರೆ. ಗಾಜನೂರಿನ ಮಗುವೇ ಆದರೂ ಆ ಗೇಟು ದಾಟಬೇಕೆಂದರೆ ಎಲ್ಲರ ಜೊತೆ ಪೈಪೋಟಿ ಮಾಡಲೇಬೇಕು. ಮನೆ ಪಕ್ಕದಲ್ಲೇ ಇದೆ ಎಂಬ ಮಾತು ಅಲ್ಲಿ ನಡೆಯದು. ಊರಿನ ಸರ್ಕಾರಿ ಶಾಲೆಯ ಕಥೆ ಇದರ ತದ್ವಿರುದ್ಧ. ಬಂದ ಮಗುವನ್ನು ಅದು ಸೇರಿಸಿಕೊಳ್ಳಲೇಬೇಕು. ಇವೆರಡರ ನಡುವೆ ಮೂರನೆಯದೊಂದಿದೆ: ಬೆಳಗಾದರೆ ಹಳ್ಳಿಯ ಮಕ್ಕಳನ್ನು ನಗರಕ್ಕೆ ಹೊತ್ತೊಯ್ಯುವ ಹಳದಿ ಬಸ್ಸು. ಅದರ ಗಡಿಯನ್ನು ಬರೆಯುವುದು ಶುಲ್ಕ ಮತ್ತು ರೂಟು.

ಯಾವ ಮಗು ಯಾವ ಶಾಲೆಗೆ ಸೇರಬೇಕು ಎಂಬುದನ್ನು ಗೆರೆ ಎಳೆದು ನಿರ್ಧರಿಸುವುದನ್ನೇ ಪ್ರವೇಶ ವ್ಯಾಪ್ತಿ ಎನ್ನುವುದು. ಊರು ಬೆಳೆದಾಗ, ಮಕ್ಕಳು ಹೆಚ್ಚಿದಾಗ ಅಥವಾ ಕಡಿಮೆಯಾದಾಗ ಆ ಗೆರೆಯನ್ನು ಮತ್ತೆ ನೋಡಬೇಕಾಗುತ್ತದೆ. ಕರ್ನಾಟಕದಲ್ಲಿ ಈ ಕೆಲಸ ಹೇಗೆ ಶುರುವಾಯಿತು, ಎಲ್ಲಿಗೆ ಬಂದಿದೆ, ಎಲ್ಲಿ ಹಾದಿ ತಪ್ಪಿದೆ ಎಂಬುದರ ನೋಟ ಇಲ್ಲಿದೆ.

ಕಡ್ಡಾಯದ ಜೊತೆ ಬಂದ ಗಡಿ

ಮಗುವನ್ನು ಶಾಲೆಗೆ ಕಳಿಸುವುದು ಕಡ್ಡಾಯವಾದ ದಿನವೇ ಗಡಿಯ ಪ್ರಶ್ನೆ ಹುಟ್ಟಿತು. ಕಡ್ಡಾಯ ಯಾರಿಗೆ, ಯಾವ ಶಾಲೆಗೆ, ಎಷ್ಟು ದೂರದವರೆಗೆ ಎಂದು ಹೇಳದೆ ಕಾನೂನು ನಡೆಯುವುದಿಲ್ಲ. ಬರೋಡ ಸಂಸ್ಥಾನ 1906ರಲ್ಲಿ ತನ್ನ ಸೀಮೆಯಲ್ಲೆಲ್ಲ ಕಡ್ಡಾಯ ಶಿಕ್ಷಣ ತಂದಿತು. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಬ್ರಿಟಿಷ್ ಭಾರತಕ್ಕಾಗಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದು ಮೊದಲು ಜಾರಿಯಾದದ್ದು ಆಯ್ದ ಕೇಂದ್ರಗಳಲ್ಲಿ ಮಾತ್ರ. ಶಾಲೆ ಇದ್ದಲ್ಲಿ ಕಡ್ಡಾಯ, ಇಲ್ಲದಲ್ಲಿ ಇಲ್ಲ ಎನ್ನುವುದೇ ಅಂದಿನ ವ್ಯಾಪ್ತಿ.

ರಾಜ್ಯ ಏಕೀಕರಣದ ಬಳಿಕ 1961ರಲ್ಲಿ ಬಂದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ದೂರವನ್ನು ಗಣನೆಗೆ ತೆಗೆದುಕೊಂಡಿತು. ನಿಗದಿತ ದೂರದೊಳಗೆ ಶಾಲೆ ಇಲ್ಲದಿದ್ದರೆ ಮಗುವನ್ನು ಕಳಿಸದಿರುವುದಕ್ಕೆ ಅದೇ ಸಕಾರಣ. ದೂರ ಇಲ್ಲಿ ಪಾಲಕರಿಗೆ ಸಿಕ್ಕ ರಿಯಾಯಿತಿಯೇ ಹೊರತು ಸರ್ಕಾರದ ಮೇಲಿನ ಹೊಣೆಯಲ್ಲ. ಈ ಲೆಕ್ಕ ತಲೆಕೆಳಗಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನಕ್ಷೆ ಮತ್ತು ಮಲೆನಾಡು

ಎಲ್ಲಿ ಶಾಲೆ ಇದೆ, ಎಲ್ಲಿ ಇಲ್ಲ ಎಂದು ದೇಶಾದ್ಯಂತ ಎಣಿಸುವ ಕೆಲಸ ನಡೆದದ್ದು 1957ರ ಮೊದಲ ಅಖಿಲ ಭಾರತ ಶಿಕ್ಷಣ ಸಮೀಕ್ಷೆಯಲ್ಲಿ. ಕಂದಾಯ ಗ್ರಾಮದ ಬದಲು ಜನವಸತಿಯನ್ನೇ ಎಣಿಕೆಯ ಘಟಕವಾಗಿ ಹಿಡಿದದ್ದು ಅದರ ಹೆಚ್ಚುಗಾರಿಕೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳು. ಮಲೆನಾಡಿನಲ್ಲಿ ಹಾಗಲ್ಲ. ಒಂದು ಗ್ರಾಮದೊಳಗೆ ಹತ್ತಾರು ಕೇರಿ, ತೋಟದ ನಡುವೆ ಒಂಟಿ ಮನೆ. ನಕ್ಷೆಯಲ್ಲಿ ಒಂದು ಕಿಲೋಮೀಟರು ಕಾಣುವ ದೂರ ಹಳ್ಳ ಸುತ್ತಿ, ಗುಡ್ಡ ಹತ್ತಿ ಹೋದರೆ ಮೂರಾಗುತ್ತದೆ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಶಾಲೆ ಇದ್ದೂ ಇಲ್ಲದಂತೆ. ಮುಂದೆ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಕಿರುಸೇತುವೆಗಳಿಗೆ ಹಣ ಕೊಟ್ಟದ್ದು ಇದೇ ಕಾರಣಕ್ಕೆ. ಪ್ರವೇಶ ವ್ಯಾಪ್ತಿಯನ್ನು ಸ್ಕೇಲು ಹಿಡಿದು ಅಳೆಯುವವರು ಆಗುಂಬೆಯ ಆಸುಪಾಸಿನಲ್ಲಿ ಒಂದು ಜುಲೈ ತಿಂಗಳು ನಡೆದು ನೋಡಬೇಕು.

ಕೊಠಾರಿ ಆಯೋಗ (1964–66) ಈ ಚರ್ಚೆಗೆ ಬೇರೆಯೇ ಆಯಾಮ ಕೊಟ್ಟಿತು. ಜಾತಿ, ವರ್ಗ ನೋಡದೆ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕೂತು ಕಲಿಯಬೇಕು ಎಂಬುದು ಅದರ ಮಾತು. ಗಡಿ ಎಳೆಯುವುದು ಬರೀ ಆಡಳಿತದ ಅನುಕೂಲಕ್ಕಲ್ಲ, ಸಮಾನತೆಗೆ ಎಂದಂತಾಯಿತು. 1968ರ ರಾಷ್ಟ್ರೀಯ ನೀತಿ ಸಮಾನ ಶಾಲೆಯ ಮಾತನ್ನು ಒಪ್ಪಿಕೊಂಡಿತು, ಜಾರಿಗೆ ತರಲಿಲ್ಲ. 1986ರ ನೀತಿ ನವೋದಯ ಶಾಲೆಗಳನ್ನು ಕೊಟ್ಟಿತು. ಆರನೇ ತರಗತಿಗೆ 80 ಮಕ್ಕಳು, ಮುಕ್ಕಾಲು ಪಾಲು ಸೀಟು ಗ್ರಾಮೀಣರಿಗೆ, ಮೂರನೇ ಒಂದರಷ್ಟಾದರೂ ಹೆಣ್ಣುಮಕ್ಕಳಿಗೆ. ಇಡೀ ಜಿಲ್ಲೆಯೇ ಅದರ ವ್ಯಾಪ್ತಿ. ಹಳ್ಳಿಯ ಬಡ ಮಗುವಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ನೆರೆಹೊರೆಯ ತತ್ವ ಅಲ್ಲಿಗೆ ಹಿಂದೆ ಸರಿಯಿತು.

ಹೊಸ ಶಾಲೆ ಕಟ್ಟದೆಯೂ ವ್ಯಾಪ್ತಿ ಹಿಗ್ಗಬಹುದು ಎಂದು ತೋರಿಸಿದ್ದು ಸೈಕಲ್ಲು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ನೋಡಿಕೊಳ್ಳುತ್ತಿದ್ದಾಗ, 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಏಳಕ್ಕೇ ಬಿಡಿಸುತ್ತಿದ್ದ ಹೆಣ್ಣುಮಕ್ಕಳಿಗೆ ಪಕ್ಕದೂರಿನ ಹೈಸ್ಕೂಲು ಕೈಗೆಟುಕಿತು.

ಆರ್‌ಟಿಇ: ಹೊಣೆ ಹೊರಿಸಿದ ಕಾನೂನು

2009ರ ಶಿಕ್ಷಣ ಹಕ್ಕು ಕಾಯಿದೆ ಹಳೆಯ ಲೆಕ್ಕವನ್ನು ತಿರುಗಿಸಿತು. ನೆರೆಹೊರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎಂದಿತು. ಕರ್ನಾಟಕದ 2012ರ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರು, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರು. ಖಾಸಗಿ ಶಾಲೆಗಳಲ್ಲಿ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟುಗಳಿಗೆ ಹಳ್ಳಿಯಲ್ಲಿ ಕಂದಾಯ ಗ್ರಾಮ, ನಗರದಲ್ಲಿ ವಾರ್ಡು ನೆರೆಹೊರೆ ಎನಿಸಿದವು. ಅದೇ ವರ್ಷ ಸುಪ್ರೀಂ ಕೋರ್ಟು ಈ ಪಾಲನ್ನು ಎತ್ತಿಹಿಡಿಯಿತು.

ಪಾಲಕರು ವಾರ್ಡಿನ ಗಡಿ ಎಲ್ಲಿ ಮುಗಿಯುತ್ತದೆ ಎಂದು ವಿಚಾರಿಸತೊಡಗಿದ್ದು ಆಗಲೇ. ಒಂದು ವಾರ್ಡಿನಲ್ಲಿ ಹೆಸರುವಾಸಿ ಶಾಲೆ ಇದೆ, ಪಕ್ಕದ ವಾರ್ಡಿನಲ್ಲಿ ಒಂದೂ ಇಲ್ಲ. ರಸ್ತೆಯ ಈಚೆ ಬದಿಯವರಿಗೆ ಸೀಟು, ಆಚೆ ಬದಿಯವರಿಗೆ ನಿರಾಸೆ. ಮತ ಎಣಿಸಲು ಎಳೆದ ಗೆರೆಯನ್ನೇ ಮಕ್ಕಳ ಪ್ರವೇಶಕ್ಕೂ ಬಳಸಿದರೆ ಆಗುವುದು ಇದೇ.

ಆ ಬಳಿಕ ಗಾಳಿ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಲಕ್ಷ ದಾಟಿದ್ದ ಸೀಟುಗಳು ಸಾವಿರಗಳಿಗೆ ಇಳಿದವು. ಇಂಥದೇ ನಿಯಮ ತಂದ ಮಹಾರಾಷ್ಟ್ರದಲ್ಲಿ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು, ಮರುತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. ಸರ್ಕಾರಿ ಹಣ ಸರ್ಕಾರಿ ಶಾಲೆಗೇ ಹೋಗಲಿ ಎಂಬ ಕರ್ನಾಟಕದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸೀಟು ಮುಚ್ಚಿದ ವೇಗದಲ್ಲಿ ಸರ್ಕಾರಿ ಶಾಲೆಯ ಕೊಠಡಿಗಳು ಏಳಲಿಲ್ಲ, ಶಿಕ್ಷಕರ ನೇಮಕವಾಗಲಿಲ್ಲ.

ಬೆಳೆಯುವ ನಗರ, ಬಡವಾಗುವ ನಗರ

ಮಕ್ಕಳ ಸಂಖ್ಯೆ ಹೇಗೆ ಜಾಗ ಬದಲಿಸುತ್ತದೆ ಎಂಬುದಕ್ಕೆ ಶಿವಮೊಗ್ಗ ಮತ್ತು ಭದ್ರಾವತಿಗಿಂತ ಒಳ್ಳೆಯ ಉದಾಹರಣೆ ಬೇಡ. ಎರಡರ ನಡುವೆ ಹೆಚ್ಚುಕಡಿಮೆ 20 ಕಿಲೋಮೀಟರು. 2001ರಿಂದ 2011ರ ನಡುವೆ ಶಿವಮೊಗ್ಗದ ಜನಸಂಖ್ಯೆ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಭದ್ರಾವತಿ ಸುಮಾರು 1.60 ಲಕ್ಷದಿಂದ 1.51 ಲಕ್ಷಕ್ಕೆ ಇಳಿಯಿತು. ಒಂದು ಕಾಲಕ್ಕೆ ಮಲೆನಾಡಿನ ಉದ್ಯೋಗವೆಲ್ಲ ಭದ್ರಾವತಿಯಲ್ಲಿತ್ತು. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1930ರ ದಶಕದ ಕಾಗದ ಕಾರ್ಖಾನೆ, ಅವುಗಳ ಸುತ್ತ ಕಾರ್ಮಿಕರ ಕ್ವಾರ್ಟರ್ಸು. ತಮಿಳು, ತೆಲುಗು, ಉರ್ದು ಆಡುವ ಕುಟುಂಬಗಳೂ ಬಂದು ನೆಲೆಸಿದವು. ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ (ಕಬ್ಬಿಣದ ಕಾರ್ಖಾನೆ) ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದು ಕಾರ್ಮಿಕರು ಧರಣಿ ಕೂತರು. ಬಳಿಕ ಭಾಗಶಃ ಕೆಲಸ ಮತ್ತೆ ಆರಂಭವಾಯಿತು. ಕ್ವಾರ್ಟರ್ಸ್ ಖಾಲಿಯಾದರೆ ಅದನ್ನು ನಂಬಿದ ಶಾಲೆಯ ಬೆಂಚೂ ಖಾಲಿಯಾಗುತ್ತದೆ.

ಶಿವಮೊಗ್ಗದಲ್ಲಿ ಕಥೆ ಬೇರೆ. ಗೋಪಾಳ, ಸೋಮಿನಕೊಪ್ಪ, ಮಲ್ಲಿಗೇನಹಳ್ಳಿಯ ಕಡೆಗೆಲ್ಲ ಬಡಾವಣೆಗಳು ಹಬ್ಬಿವೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ದಿಕ್ಕಿಗೂ ನಿವೇಶನಗಳ ಭರಾಟೆ. ಹಳೆಯ ಪೇಟೆಯ ಶಾಲೆಗಳಲ್ಲಿ ಕೊಠಡಿ ಇದೆ, ಮಕ್ಕಳು ಕಡಿಮೆ. ಹೊಸ ಬಡಾವಣೆಯಲ್ಲಿ ಮಕ್ಕಳಿದ್ದಾರೆ, ಸರ್ಕಾರಿ ಶಾಲೆ ದೂರ.

ಎರಡೂ ನಗರಗಳ ಭೂಬಳಕೆಯನ್ನು ಯೋಜಿಸುವುದು ಒಂದೇ ಸಂಸ್ಥೆ, ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ‘ಸೂಡಾ’. ಶಾಲೆಗಳ ಲೆಕ್ಕ ಇಡುವವರು ಬೇರೆ ಬೇರೆ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ). ಬಡಾವಣೆಗೆ ಅನುಮೋದನೆ ಕೊಡುವಾಗ ನಾಗರಿಕ ಸೌಲಭ್ಯಕ್ಕೆ (ಸಿ.ಎ.) ನಿವೇಶನ ಬಿಡಿಸುವ ಕಾನೂನಿದೆ. ಇನ್ನು ಐದು ವರ್ಷಕ್ಕೆ ಅಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂದು ಶಿಕ್ಷಣ ಇಲಾಖೆಯನ್ನು ಕೇಳಿ ಆ ನಿವೇಶನವನ್ನು ಸರ್ಕಾರಿ ಶಾಲೆಗೆ ಕಾದಿರಿಸಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ವಿಲೀನದ ಹಾದಿ

ನಮ್ಮಲ್ಲಿ ಗಡಿಯ ಪರಿಶೀಲನೆ ಎಂದರೆ ಬಹುಮಟ್ಟಿಗೆ ಶಾಲೆ ಮುಚ್ಚುವ ಪಟ್ಟಿ. 2011–12ರ ಹೊತ್ತಿಗೆ ತೀರಾ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಸರ್ಕಾರದ ಯೋಜನೆಗೆ ರಾಜ್ಯದಾದ್ಯಂತ ವಿರೋಧ ಎದ್ದಿತ್ತು. ರಾಜಸ್ಥಾನ 2014ರಿಂದ ಸಾವಿರಾರು ಶಾಲೆಗಳನ್ನು ಒಗ್ಗೂಡಿಸಿತು. 2025ರಲ್ಲಿ ಉತ್ತರ ಪ್ರದೇಶ ಕಡಿಮೆ ಮಕ್ಕಳ ಶಾಲೆಗಳನ್ನು ಜೋಡಿಸಲು ಹೊರಟಾಗ ವಿವಾದ ಕೋರ್ಟು ಕಟ್ಟೆ ಹತ್ತಿತು.

ಕರ್ನಾಟಕ ಹಿಡಿದ ಇನ್ನೊಂದು ದಾರಿ ಕರ್ನಾಟಕ ಪಬ್ಲಿಕ್ ಶಾಲೆ. ಎಸ್.ಜಿ. ಸಿದ್ದರಾಮಯ್ಯ ಅಧ್ಯಕ್ಷರಾಗಿದ್ದಾಗ ಕನ್ನಡ ಅಭಿವೃದ್ಧಿ ಪ್ರಾಧಿಕಾರ 2017ರಲ್ಲಿ ಸರ್ಕಾರಿ ಶಾಲೆಗಳ ಸಬಲೀಕರಣದ ವರದಿ ಕೊಟ್ಟಿತ್ತು. ಮರುವರ್ಷದಿಂದ ಒಂದೇ ಆವರಣದಲ್ಲಿ ಒಂದರಿಂದ ಹನ್ನೆರಡರವರೆಗೆ ಓದುವ ಕೆಪಿಎಸ್‌ಗಳು ಶುರುವಾದವು. ಮೊದಲು 176, ಆಮೇಲೆ ಇನ್ನೂ 100. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದವು. ಎಲ್‌ಕೆಜಿ, ಇಂಗ್ಲಿಷ್, ಸಾಕಷ್ಟು ಶಿಕ್ಷಕರು ಇರುವ ಕಡೆ ಪಾಲಕರು ಸರದಿ ನಿಂತರು. ಸುತ್ತಲ ಸಣ್ಣ ಶಾಲೆಗಳು ಇನ್ನಷ್ಟು ಬಡವಾದವು. ಕೆಪಿಎಸ್ ಹೆಸರಿನಲ್ಲಿ ಊರಶಾಲೆಗಳನ್ನು ಎಳೆದುಕೊಳ್ಳುತ್ತಾರೆ ಎಂಬ ಆತಂಕ 2025ರಲ್ಲಿ ಪ್ರತಿಭಟನೆಗಿಳಿಯಿತು. ಸೊರಬದ ಶಾಸಕ ಮಧು ಬಂಗಾರಪ್ಪ ಅವರೇ ಆಗ ಶಿಕ್ಷಣ ಸಚಿವರಾಗಿದ್ದುದರಿಂದ ಜಿಲ್ಲೆಯಲ್ಲಿ ಈ ಚರ್ಚೆಗೆ ಹೆಚ್ಚಿನ ಕಾವು ಬಂತು.

ಹೊರಗಿನ ಪಾಠ

ಜಪಾನಿನಲ್ಲಿ ಸ್ಥಳೀಯ ಶಿಕ್ಷಣ ಮಂಡಳಿ ಗಡಿ ಹಾಕುತ್ತದೆ. ನ್ಯೂಜಿಲೆಂಡ್ 1990ರ ದಶಕದ ಆರಂಭದಲ್ಲಿ ವಲಯಗಳನ್ನು ಕಿತ್ತುಹಾಕಿ, ಬೇಡಿಕೆಯ ಶಾಲೆಗಳು ತಮಗೆ ಬೇಕಾದ ಮಕ್ಕಳನ್ನು ಆರಿಸಿಕೊಳ್ಳತೊಡಗಿದ ಮೇಲೆ ಮತ್ತೆ ತಂದಿತು. ಅಲ್ಲಿ ವಲಯದೊಳಗಿನ ಮಗುವಿಗೆ ಸೀಟು ಖಚಿತ, ಉಳಿದದ್ದಕ್ಕೆ ಹೊರಗಿನವರು ಚೀಟಿ ಎತ್ತಬೇಕು. 2020ರ ಕಾನೂನು ಗಡಿ ಹಾಕುವ ಹೊಣೆಯನ್ನು ಶಾಲೆಗಳ ಆಡಳಿತ ಮಂಡಳಿಯಿಂದ ಸಚಿವಾಲಯಕ್ಕೆ ವರ್ಗಾಯಿಸಿತು. ಅಮೆರಿಕದಲ್ಲಿ ಶಾಲೆಗಳಲ್ಲಿ ವರ್ಣಭೇದ ಕೂಡದೆಂದ 1954ರ ಬ್ರೌನ್ ತೀರ್ಪಿನ ನಂತರವೂ ಬಿಳಿಯರ ಮತ್ತು ಕರಿಯರ ಬಡಾವಣೆಗಳು ಬೇರೆಯಿದ್ದುದರಿಂದ ಶಾಲೆಗಳೂ ಬೇರೆಯೇ ಉಳಿದವು. ನೆರೆಹೊರೆಯೇ ಒಡೆದಿದ್ದರೆ ನೆರೆಹೊರೆಯ ಶಾಲೆ ಕೂಡಿಸುವುದಿಲ್ಲ ಎಂಬುದು ಅಲ್ಲಿನ ಪಾಠ. ದೆಹಲಿ 2017ರಲ್ಲಿ ಖಾಸಗಿ ಶಾಲೆಗಳ ನರ್ಸರಿಗೆ ಕಟ್ಟುನಿಟ್ಟಿನ ನೆರೆಹೊರೆ ನಿಯಮ ತರಲು ಹೋದಾಗ ಹೈಕೋರ್ಟು ತಡೆಯಿತು.

ಭಾಷೆಯ ಮಾತೂ ಉಂಟು. ಕಾಸರಗೋಡಿನ ಕನ್ನಡ ಮಗುವಿಗೆ ಹತ್ತಿರದ ಶಾಲೆ ತನ್ನ ಭಾಷೆಯದಾಗಿರಬೇಕೆಂದಿಲ್ಲ. ಭದ್ರಾವತಿಯ ಉರ್ದು ಶಾಲೆಯ ವ್ಯಾಪ್ತಿಯನ್ನು ಪಕ್ಕದ ಕನ್ನಡ ಶಾಲೆಯ ಅಳತೆಗೋಲಿನಲ್ಲಿ ನೋಡಲಾಗದು.

ಮಾಡಬೇಕಾದದ್ದು

ಈ ನೂರು ವರ್ಷದಿಂದ ತಿಳಿಯುವುದು ಒಂದೇ: ಗೆರೆಯ ಎರಡೂ ಬದಿಯ ಶಾಲೆ ಸರಿಸಮ ಇಲ್ಲದಿದ್ದರೆ ಜನ ಗೆರೆ ದಾಟುತ್ತಾರೆ. ಹಣವಿದ್ದವರು ಬಸ್ಸಿನಲ್ಲಿ ದಾಟುತ್ತಾರೆ, ಇಲ್ಲದವರು ಉಳಿದುಕೊಳ್ಳುತ್ತಾರೆ. ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದ 1990ರ ದಶಕದಲ್ಲಿ ಮೆರಿಟ್ ಮೇಲೆ ದೊಡ್ಡ ಪ್ರಮಾಣದಲ್ಲಿ ಶಿಕ್ಷಕರ ನೇಮಕ ನಡೆದದ್ದನ್ನು ಮಲೆನಾಡಿನವರು ಇಂದಿಗೂ ನೆನೆಯುತ್ತಾರೆ. ಶಾಲೆಯ ವ್ಯಾಪ್ತಿಯನ್ನು ಉಳಿಸುವುದು ಅಂಥ ನೇಮಕಾತಿಯೇ.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಅಂಕಿ ಬರುವವರೆಗೂ 2011ರ ಲೆಕ್ಕವನ್ನೇ ಹಿಡಿದು ಕೂರಬೇಕಿಲ್ಲ. ಶಿಕ್ಷಕರು ಪ್ರತಿ ವರ್ಷ ಮನೆಮನೆಗೆ ಹೋಗಿ ಮಾಡುವ ಮಕ್ಕಳ ಗಣತಿ ಇದೆ, ಅಂಗನವಾಡಿಯ ದಾಖಲೆ ಇದೆ, ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಸಂಖ್ಯೆ ಇದೆ. ಶಿವಮೊಗ್ಗ ಮತ್ತು ಭದ್ರಾವತಿಯ ಬಿಇಒಗಳು, ಸೂಡಾ, ಪಾಲಿಕೆ ಮತ್ತು ನಗರಸಭೆ ಇವನ್ನು ಒಂದೇ ನಕ್ಷೆಯ ಮೇಲೆ ಇಟ್ಟು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮತ್ತು ಗ್ರಾಮಸಭೆಯ ಮುಂದೆ ಓದಬೇಕು. ಶಾಲೆ ಮುಚ್ಚುವುದೇ ಆದರೆ ನಡೆಯುವ ದಾರಿಯನ್ನು ಮಳೆಗಾಲದಲ್ಲಿ ಅಳೆದು, ಬಸ್ಸು ಬಿಟ್ಟ ಮೇಲೆ ಮುಚ್ಚಲಿ. ಶಾಲೆ ತೆರೆಯುವುದಾದರೆ ಬಡಾವಣೆಯ ಮೊದಲ ಮನೆ ಗೃಹಪ್ರವೇಶವಾಗುವ ಮೊದಲು ಜಾಗ ಗುರುತಾಗಿರಲಿ. ಈ ಕೆಲಸಕ್ಕೆ ಹೊಸ ಕಾನೂನು ಬೇಡ, ಇರುವ ಕಾನೂನು ಸಾಕು.