ಅದಲುಬದಲಾದ ಕೈಗಳು

ಬೇಸ್‌ಬಾಲ್‌ನಲ್ಲಿ ಬಲಗೈ ದಾಂಡಿಗನು, ನಮ್ಮ ಕ್ರಿಕೆಟಿಗರಂತೆಯೇ, ಹಿಡಿಯ ತುದಿಯಲ್ಲಿ ಎಡಗೈಯನ್ನೂ ಅದಕ್ಕೆ ತಾಗಿದಂತೆ ಮುಂದೆ ಬಲಗೈಯನ್ನೂ ಇಡಬೇಕು. 1934ರಲ್ಲಿ ಅಲಬಾಮಾದ ಮೊಬೀಲ್‌ನಲ್ಲಿ ಜನಿಸಿದ ಕರಿಯ ಬಾಲಕ ಹ್ಯಾಂಕ್ ಆರನ್ ತಿರುವುಮುರುವಾಗಿ ಹಿಡಿಯುತ್ತಿದ್ದನು. ಹಾಗೆ ಬೀಸಿದರೆ ತೋಳುಗಳು ಒಂದಕ್ಕೊಂದು ಅಡ್ಡಬಂದು ಮಣಿಕಟ್ಟು ಸರಾಗವಾಗಿ ಹೊರಳದು. ಆದರೂ ಚೆಂಡು ದೂರ ಹಾರುತ್ತಿತ್ತು! ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ನನ್ನನ್ನು ಕಾಡುವುದು ಇದೇ: ಅವನನ್ನು ತಿದ್ದುವವರೇ ಇರಲಿಲ್ಲ, ಓದಿದ ಪ್ರೌಢಶಾಲೆಯಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. 1952ರಲ್ಲಿ ಕರಿಯರ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡವನ್ನು ಸೇರಿದಾಗಲೂ ಅದೇ ರೂಢಿ. ವೃತ್ತಿಪರರ ನಡುವೆ ಬಂದ ಮೇಲೆಯೇ ಕೈಗಳು ಸ್ಥಾನ ಬದಲಿಸಿದವು. ಮುಂದೆ ಆ ಮಣಿಕಟ್ಟಿನ ವೇಗವೇ ಹೆಸರಾಯಿತು. 1974ರ ಏಪ್ರಿಲ್ 8ರಂದು ಆರನ್ 715ನೆಯ ಹೋಮ್ ರನ್ ಬಾರಿಸಿ, ಬಿಳಿಯ ಬೇಬ್ ರೂತ್‌ರ ದಾಖಲೆಯನ್ನು ಮುರಿದರು. ಅದಕ್ಕೆ ಮುಂಚೆ ಬಂದ ಕೊಲೆಬೆದರಿಕೆಯ ಪತ್ರಗಳನ್ನು ಅವರು ದಶಕಗಳ ಕಾಲ ಜೋಪಾನವಾಗಿಟ್ಟುಕೊಂಡಿದ್ದರು.