ಸಲಿಂಗಪ್ರೇಮಿ ಮಹಿಳೆಯರ ಕೂಡುಬಾಳು: ಕೃಷ್ಣಾ ತೀರದಿಂದ ಬೆಂಗಳೂರಿನವರೆಗೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಬಾಗಲಕೋಟೆ ಜಿಲ್ಲೆಯ ನೆರೆಹೊರೆಯ ಊರುಗಳು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ಈ ನೆಲ ಕಬ್ಬಿಗೆ, ಸಕ್ಕರೆ ಕಾರ್ಖಾನೆಗಳಿಗೆ, ಮಗ್ಗಗಳಿಗೆ ಹೆಸರಾಗಿದೆ. ರನ್ನ ಕವಿಯ ನಾಡೆಂದು ಮುಧೋಳವನ್ನೂ, ಪಟವರ್ಧನ ಮನೆತನದ ಸಂಸ್ಥಾನವೆಂದು ಜಮಖಂಡಿಯನ್ನೂ ಶಾಲೆಯ ಮಕ್ಕಳು ಓದುತ್ತಾರೆ. ಎಲ್ಲ ಊರುಗಳಲ್ಲಿರುವಂತೆ ಇಲ್ಲಿಯೂ ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಬಾಳಿನ ಮಾತು ಮಾತ್ರ ಯಾವ ಪಠ್ಯದಲ್ಲಿಯೂ ಬಂದಿಲ್ಲ.

ಕರ್ನಾಟಕದಲ್ಲಿ ಇಂತಹ ಮಹಿಳೆಯರು ಒಂದು ಸಮುದಾಯವಾಗಿ ಕೂಡಿಕೊಂಡ ಚರಿತ್ರೆ ಬಹುಮಟ್ಟಿಗೆ ಬೆಂಗಳೂರಿನದು. ವಯಸ್ಸು ಕಾಲು ಶತಮಾನಕ್ಕಿಂತ ತುಸು ಹೆಚ್ಚು. ಅದನ್ನು ನ್ಯಾಯಾಲಯದ ತೀರ್ಪುಗಳ ಚರಿತ್ರೆಯೆಂದು ಹೇಳುವುದು ವಾಡಿಕೆ. ಆದರೆ ಅದು ಮೊದಲಿಗೆ ಮನೆಯ ಪ್ರಶ್ನೆ. ಹುಟ್ಟಿದ ಮನೆ ಮತ್ತು ಕೊಟ್ಟ ಮನೆ ಎಂಬ ಎರಡೇ ನೆಲೆಗಳನ್ನು ಹೆಣ್ಣಿಗೆ ಗುರುತಿಸಿರುವ ಸಮಾಜದಲ್ಲಿ ಮೂರನೆಯ ನೆಲೆಯೊಂದನ್ನು ಹುಡುಕಿಕೊಂಡವರ ಕಥೆ ಇದು. ಕಾನೂನು ಬಹಳ ತಡವಾಗಿ ಅದರ ಹಿಂದೆ ಬಂದಿತು.

ಹೆಸರಿನ ತೊಡಕು

ಕನ್ನಡ ಪತ್ರಿಕೆಗಳು ದಶಕಗಳ ಕಾಲ ಬಳಸಿದ ಪದ 'ಸಲಿಂಗಕಾಮ'. ಸಂಬಂಧವೊಂದನ್ನು ಕಾಮಕ್ಕಷ್ಟೇ ಇಳಿಸುತ್ತದೆ ಎಂಬ ಆಕ್ಷೇಪದಿಂದ 'ಸಲಿಂಗಪ್ರೇಮ', 'ಸಲಿಂಗಿ' ಎಂಬ ಪದಗಳು ರೂಢಿಗೆ ಬಂದವು. 2000ದ ದಶಕದಲ್ಲಿ ಸಂಘಟನೆಗಳು 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಒಟ್ಟು ಹೆಸರನ್ನು ಬಳಸತೊಡಗಿದವು. ಆ ಹೆಸರಿನಡಿಯಲ್ಲಿ ಹಿಜಡಾ ಸಮುದಾಯ ಮತ್ತು ಸಲಿಂಗಿ ಪುರುಷರು ಕಾಣಿಸಿಕೊಂಡಷ್ಟು ಮಹಿಳೆಯರು ಕಾಣಿಸಲಿಲ್ಲ. 'ಲೆಸ್ಬಿಯನ್' ಎಂಬ ಇಂಗ್ಲಿಷ್ ಪದವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮನೆಯೊಳಗಿನ ಮಾತಿನಲ್ಲಿ ಇರುವ ಪದ 'ಗೆಳತಿ'. ಅದು ಎಲ್ಲವನ್ನೂ ಹೇಳುತ್ತದೆ, ಎಲ್ಲವನ್ನೂ ಮುಚ್ಚುತ್ತದೆ ಕೂಡ.

ಸಾಹಿತ್ಯದಲ್ಲಿಯೂ ಇದೇ ಅಸಮತೆ ಕಂಡುಬರುತ್ತದೆ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಪ್ರಕಟವಾಗಿ ಸಲಿಂಗಿ ಪುರುಷನ ಅಂತರಂಗವನ್ನು ಕನ್ನಡ ಓದುಗರ ಮುಂದಿರಿಸಿತು. ಹೆಣ್ಣಿನ ಕಡೆಯಿಂದ ಅಷ್ಟೇ ವ್ಯಾಪಕವಾಗಿ ಚರ್ಚೆಗೊಳಗಾದ ಕೃತಿ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ.

ಸೀಮೆಯ ಹಿನ್ನೆಲೆ

ಈ ಭಾಗದಲ್ಲಿ ಹೆಣ್ಣುಮಕ್ಕಳು ಹೆಣ್ಣುಮಕ್ಕಳೊಡನೆಯೇ ದಿನದ ಬಹುಪಾಲನ್ನು ಕಳೆಯುವುದು ಹೊಸದಲ್ಲ. ಬೀಸುವ ಕಲ್ಲಿನ ಮುಂದೆ, ಹೊಲದ ಕಳೆ ತೆಗೆಯುವಲ್ಲಿ, ಮಗ್ಗದ ಮನೆಯಲ್ಲಿ ನೂಲು ಸುತ್ತುವಲ್ಲಿ ಅವರದೇ ಒಂದು ಲೋಕ ಇತ್ತು. ಅಂದಿನ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಸಂಕಲನದ ತ್ರಿಪದಿಗಳಲ್ಲಿ ತವರು, ತಾಯಿ, ಅಣ್ಣತಮ್ಮಂದಿರೊಡನೆ ಗೆಳತಿಗೂ ಸ್ಥಾನವಿದೆ. ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ನಾಲ್ಕೂ ಊರುಗಳು ಅದೇ ವಿಜಾಪುರ ಜಿಲ್ಲೆಗೆ ಸೇರಿದ್ದವು. ಹಾಡಿನ ಗೆಳತಿಯನ್ನು ಇಂದಿನ ಅರ್ಥದ ಸಂಗಾತಿಯೆಂದು ಓದುವುದು ಸರಿಯಲ್ಲ. ಆದರೆ ಹೆಣ್ಣುಗಳ ನಡುವಣ ಆಪ್ತತೆಯನ್ನು ಯಾರೂ ಅನುಮಾನಿಸದ ಒಂದು ಆವರಣ ಇತ್ತೆಂಬುದಕ್ಕೆ ಅದು ಸಾಕ್ಷಿ. ಅನುಮಾನ ಆರಂಭವಾಗುವುದು ಮದುವೆಗೆ ಒಲ್ಲೆನೆಂದಾಗ.

ಮದುವೆ ಇಲ್ಲಿ ಬೇಗ ನಿಶ್ಚಯವಾಗುತ್ತದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಬಲವಾಗಿದೆ. ಹಾಗಾಗಿ ಹುಡುಗಿಯೊಬ್ಬಳ ನಿರಾಕರಣೆ ಹೊರಗಿನ ವರನ ನಿರಾಕರಣೆ ಮಾತ್ರವಲ್ಲ. ಅದು ತಾಯಿಯ ತವರಿನ ಮುಖಕ್ಕೆ ಬಾಗಿಲು ಹಾಕಿದಂತೆ. ಇದರ ಜೊತೆಗೆ ದುಡಿಮೆಯ ಪ್ರಶ್ನೆಯೂ ಇದೆ. ನೇಯ್ಗೆ ಒಂದು ಕುಟುಂಬದ ಉದ್ಯೋಗ. ನೂಲು ಸುತ್ತುವ, ಹಾಸು ಸಿದ್ಧಪಡಿಸುವ ಕೆಲಸಗಳಲ್ಲಿ ಹೆಂಗಸರು ದಿನವಿಡೀ ತೊಡಗಿದರೂ ಮಜೂರಿ ಲೆಕ್ಕವಾಗುವುದು ಸೀರೆಗೆ, ಕೈಸೇರುವುದು ಸಾಮಾನ್ಯವಾಗಿ ಮನೆಯ ಯಜಮಾನನಿಗೆ. ತನ್ನದೆಂದು ಹೇಳಿಕೊಳ್ಳುವ ಹಣವಿಲ್ಲದವಳಿಗೆ ಬೇರೆ ಮನೆ ಮಾಡುವ ಮಾತು ದೂರವೇ ಉಳಿಯುತ್ತದೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಮಹಿಳೆಯರಿಗೆ ಉಳಿತಾಯದ ಪುಸ್ತಕವನ್ನೂ, ವಾರಕ್ಕೊಮ್ಮೆ ಮನೆಯಿಂದ ಹೊರಗೆ ಕೂಡುವ ಕಾರಣವನ್ನೂ ಕೊಟ್ಟವು. ಎರಡನೆಯದು ಯೋಜನೆಯ ಪತ್ರಗಳಲ್ಲಿ ಬರೆದಿರುವ ಉದ್ದೇಶಕ್ಕಿಂತ ದೊಡ್ಡದಿರಬಹುದು.

ಗಂಡನಿಲ್ಲದೆ ಬಾಳುವ ಹೆಣ್ಣಿಗೆ ಈ ಸೀಮೆಯಲ್ಲಿ ಹಿಂದಿನಿಂದ ಒಂದು ಸ್ಥಾನ ಇದ್ದುದುಂಟು. ಅದು ಸವದತ್ತಿ ಯಲ್ಲಮ್ಮನ ಹೆಸರಿನದು. ಮುತ್ತು ಕಟ್ಟಿಸಿಕೊಂಡ ಜೋಗತಿ ಅಥವಾ ದೇವದಾಸಿ ಮದುವೆಯಾಗುತ್ತಿರಲಿಲ್ಲ. ತವರಿನಲ್ಲಿಯೇ ಇದ್ದು ಮಗನಂತೆ ತಂದೆತಾಯಿಯರನ್ನು ಸಾಕುತ್ತಿದ್ದಳು, ಅನೇಕ ಮನೆಗಳಲ್ಲಿ ಆಸ್ತಿಗೂ ವಾರಸುದಾರಳಾಗುತ್ತಿದ್ದಳು. ಮಾನವಶಾಸ್ತ್ರಜ್ಞೆ ಲೂಸಿಂಡಾ ರ‍್ಯಾಂಬರ್ಗ್ 2014ರ ತಮ್ಮ ಗ್ರಂಥದಲ್ಲಿ ಉತ್ತರ ಕರ್ನಾಟಕದ ಜೋಗತಿಯರ ಈ ಬಂಧುತ್ವವನ್ನು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಇದನ್ನು ಸ್ವಾತಂತ್ರ್ಯವೆಂದು ಕರೆಯುವುದು ಅನ್ಯಾಯ. ಅರಿಯದ ವಯಸ್ಸಿನ ಬಡ ದಲಿತ ಬಾಲಕಿಯರನ್ನು ಅರ್ಪಿಸುತ್ತಿದ್ದ ಪದ್ಧತಿಯದು; ಅದರ ಫಲ ಗಂಡಸರ ಭೋಗಕ್ಕೆ ಮೀಸಲಾದ ಬಾಳು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು ಆ ಕಾರಣಕ್ಕೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಸೀರೆಯುಟ್ಟು, ಚೌಡಿಕೆ ಹಿಡಿದು ಬರುವ ಜೋಗಪ್ಪಂದಿರನ್ನೂ ಈ ಭಾಗದ ಜನ ಬಲ್ಲರು. ಗಂಡಾಗಿ ಹುಟ್ಟಿದವನ ಮೇಲೆ ತಾಯಿ ಬಂದಳೆಂದರೆ ಊರು ಕೈಮುಗಿಯುತ್ತದೆ. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣನ್ನು ಒಲಿದ ಹೆಣ್ಣಿಗೆ ಇಂತಹ ದೈವದ ಆಶ್ರಯ ಪರಂಪರೆಯಲ್ಲಿ ದೊರೆಯಲಿಲ್ಲ. ಆಕೆಗೆ ಜಾತ್ರೆಯೂ ಇಲ್ಲ, ಗುರುಮನೆಯೂ ಇಲ್ಲ. ಸಲಿಂಗಪ್ರೇಮಿ ಮಹಿಳೆಯರ ಸಂಘಟನೆ ಹೊಸ ನಗರದಲ್ಲಿಯೇ ಹುಟ್ಟಬೇಕಾಯಿತೆಂಬುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಬೆಂಗಳೂರಿನಲ್ಲಿ ಕೂಡಿದವರು

ಬೆಂಗಳೂರಿನ 'ಗುಡ್ ಆ್ಯಸ್ ಯು' ಬಳಗ 1994ರಲ್ಲಿ ಆರಂಭವಾಯಿತು. ಅಲ್ಲಿ ಸೇರುತ್ತಿದ್ದವರಲ್ಲಿ ಪುರುಷರೇ ಹೆಚ್ಚು. 1999ರಲ್ಲಿ ಸ್ಥಾಪನೆಯಾದ 'ಸಂಗಮ' ಸಂಸ್ಥೆ ಇಂಗ್ಲಿಷ್ ಬಾರದ, ಹಣವಿಲ್ಲದ ಲೈಂಗಿಕ ಅಲ್ಪಸಂಖ್ಯಾತರ ಕಡೆಗೆ ಗಮನ ಹರಿಸಿದ್ದು ಮುಖ್ಯ ತಿರುವು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಕುರಿತು ವರದಿ ಹೊರತಂದಿತು. ಉದ್ಯಾನದಲ್ಲಿ, ರಸ್ತೆಯಲ್ಲಿ ಪೊಲೀಸರ ಲಾಠಿ ತಿಂದವರ ದೂರು ಎಣಿಕೆಗೆ ಸಿಕ್ಕೀತು. ಕೋಣೆಯಲ್ಲಿ ಕೂಡಿಹಾಕಲ್ಪಟ್ಟ ಮಗಳ ದೂರು ಸಿಗುವುದೆಲ್ಲಿ? ಮಹಿಳೆಯರ ವಿಷಯದಲ್ಲಿ ಹಿಂಸೆ ಮನೆಯ ಗೋಡೆಯೊಳಗೇ ನಡೆಯುತ್ತದೆ ಎಂಬ ಈ ವ್ಯತ್ಯಾಸವೇ ಮುಂದಿನ ಕೆಲಸದ ದಿಕ್ಕನ್ನು ನಿರ್ಧರಿಸಿತು.

2000ದ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ 'ಲೆಸ್‌ಬಿಟ್' ಎಂಬ ಗುಂಪು ರೂಪುಗೊಂಡಿತು. ಸಲಿಂಗಿ ಮಹಿಳೆಯರು, ಹೆಣ್ಣು-ಗಂಡು ಇಬ್ಬರತ್ತಲೂ ಒಲವುಳ್ಳ ಮಹಿಳೆಯರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಈ ಮೂವರೂ ಅದರಲ್ಲಿದ್ದರು. ಮೂವರನ್ನು ಒಂದೇ ಚಾವಡಿಗೆ ತಂದದ್ದು ಸಿದ್ಧಾಂತವಲ್ಲ, ಅನುಭವ. ಮದುವೆಯ ಒತ್ತಾಯ, ಓದು ಅರ್ಧಕ್ಕೆ ನಿಂತದ್ದು, ಕೈಯಲ್ಲಿ ಬಿಡಿಗಾಸಿಲ್ಲದೆ ಮನೆ ಬಿಟ್ಟದ್ದು ಮೂವರಿಗೂ ಸಮಾನವಾಗಿತ್ತು. ಗುಂಪಿನ ಸುನಿಲ್ ಮೋಹನ್ ಮತ್ತು ಹಿಂದೂಸ್ತಾನಿ ಗಾಯಕಿ ಸುಮತಿ ಮೂರ್ತಿ ಲಿಂಗಭೇದದ ಗ್ರಹಿಕೆಗಳನ್ನು ಕುರಿತು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಹೆಮ್ಮೆಯ ನಡಿಗೆ ನಡೆದಾಗ ಮುಖವಾಡ ಧರಿಸಿ ನಡೆದವರೂ ಇದ್ದರು. ಟೀವಿಯಲ್ಲಿ ಊರಿನವರು ಕಂಡರೆ ಎಂಬ ಭಯ ಸಣ್ಣದಲ್ಲ.

ಇದೇ ಕಾಲದಲ್ಲಿ ಇತರೆಡೆಯೂ ಇಂತಹ ಬಳಗಗಳು ಹುಟ್ಟಿದ್ದವು. ಮುಂಬಯಿಯ 'ಸ್ತ್ರೀ ಸಂಗಮ್' 1995ರಲ್ಲಿ, ಕೊಲ್ಕತ್ತಾದ 'ಸಾಫೋ' 1999ರಲ್ಲಿ, ಕೇರಳದ 'ಸಹಯಾತ್ರಿಕಾ' 2002ರಲ್ಲಿ. 1998ರ ಕೊನೆಯಲ್ಲಿ ದೀಪಾ ಮೆಹ್ತಾರ 'ಫೈರ್' ಚಿತ್ರದ ಪ್ರದರ್ಶನಗಳ ಮೇಲೆ ನಡೆದ ದಾಳಿ ದೇಶಾದ್ಯಂತ ಈ ವಿಷಯವನ್ನು ಮೊದಲ ಬಾರಿಗೆ ಮುಖಪುಟಕ್ಕೆ ತಂದಿತು. ಕೇರಳದ ಸಂಘಟನೆಯ ಹಿನ್ನೆಲೆ ಇನ್ನೂ ದಾರುಣ: ಹೆಣ್ಣುಜೋಡಿಗಳ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಅದರ ಅಗತ್ಯ ಕಂಡಿತು. ಸ್ತ್ರೀ ಸಂಗಮದ ಮುಂದುವರಿಕೆಯಾದ 'ಲಾಬಿಯಾ' ಸಂಘಟನೆ 50 ಜನರ ಜೀವನ ವೃತ್ತಾಂತಗಳನ್ನು ಕಲೆಹಾಕಿ 2013ರಲ್ಲಿ ಹೊರತಂದ ಅಧ್ಯಯನದಲ್ಲಿಯೂ ಹುಟ್ಟಿದ ಮನೆಯ ಹಿಂಸೆಯೇ ಮತ್ತೆಮತ್ತೆ ಎದುರಾಗುತ್ತದೆ.

ಮನೆ ಬಿಟ್ಟ ಮಗಳು ಮತ್ತು ಪೊಲೀಸ್ ಠಾಣೆ

ಭಾರತೀಯ ದಂಡಸಂಹಿತೆಯ 377ನೇ ಕಲಂ ಮಹಿಳೆಯರ ವಿರುದ್ಧ ಬಳಕೆಯಾದದ್ದು ತೀರ ವಿರಳ. ಅವರ ಪಾಲಿಗೆ ಅದು ಬೆದರಿಕೆಯ ಮಾತಾಗಿತ್ತು. ನಿಜವಾಗಿ ಬಳಕೆಯಾಗುತ್ತಿದ್ದ ಅಸ್ತ್ರಗಳು ಬೇರೆ: 'ಯುವತಿ ಕಾಣೆ' ಎಂಬ ದೂರು, ಜೊತೆಗಿದ್ದವಳ ಮೇಲೆ ಅಪಹರಣದ ಆರೋಪ, ಮತ್ತು ಠಾಣೆಯಲ್ಲಿಯೇ ಹಿರಿಯರ ರಾಜಿ ಪಂಚಾಯಿತಿ. ಆದುದರಿಂದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಆ ಕಲಮಿನ ಬಲವನ್ನು ಮುರಿದರೂ ಮನೆ ಬಿಟ್ಟ ಮಗಳ ಸಂಕಟ ಮುಗಿಯಲಿಲ್ಲ.

ಬದಲಾವಣೆಯ ಗಾಳಿ ಬೀಸಿದ್ದು ನೆರೆರಾಜ್ಯಗಳಿಂದ. ಮಧುರೆಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಅರ್ಜಿಯನ್ನು ಆಲಿಸಿದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ತಮಗೇ ಈ ವಿಷಯ ತಿಳಿದಿಲ್ಲವೆಂದು ಒಪ್ಪಿಕೊಂಡು ಮನಶ್ಶಾಸ್ತ್ರಜ್ಞೆಯೊಬ್ಬರಿಂದ ತಿಳಿವಳಿಕೆ ಪಡೆದು 2021ರ ಜೂನ್ 7ರಂದು ಆದೇಶ ನೀಡಿದರು. ನ್ಯಾಯಪೀಠದಲ್ಲಿ ಇಂತಹ ವಿನಯ ಅಪರೂಪ. ಕಾಣೆಯಾದ ದೂರಿನ ತನಿಖೆಯಲ್ಲಿ ಇಬ್ಬರೂ ವಯಸ್ಕರು, ಸ್ವ‌ಇಚ್ಛೆಯಿಂದ ಕೂಡಿದ್ದಾರೆಂದು ತಿಳಿದರೆ ಪೊಲೀಸರು ಹೇಳಿಕೆ ಪಡೆದು ಪ್ರಕರಣ ಮುಗಿಸಬೇಕೆಂದು ಆ ಆದೇಶ ಹೇಳಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಲೈಂಗಿಕ ಒಲವನ್ನು 'ಬದಲಿಸುವ ಚಿಕಿತ್ಸೆ'ಯನ್ನು ವೃತ್ತಿದುರ್ನಡತೆಯೆಂದು ಸಾರಿತು.

ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ದೇಶದ ಎಲ್ಲ ನ್ಯಾಯಾಲಯಗಳಿಗೆ ಮಾರ್ಗಸೂಚಿ ನೀಡಿತು. ಬಂಧನದಲ್ಲಿರುವ ವ್ಯಕ್ತಿಯ ಬಿಡುಗಡೆಗಾಗಿ ಸಂಗಾತಿ ಅಥವಾ ಗೆಳತಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರೆ ಅವರಿಬ್ಬರ ಸಂಬಂಧವೇನೆಂದು ಕೆದಕಬಾರದು. ಆ ವ್ಯಕ್ತಿಯೊಡನೆ ಕುಟುಂಬದವರಿಲ್ಲದೆಡೆ ಮಾತನಾಡಬೇಕು. ಮನಸ್ಸು ಬದಲಿಸುವ ಸಲುವಾಗಿ ಸಮಾಲೋಚನೆಗೆ ಕಳಿಸಬಾರದು. ಹಿಂದಿರುಗಲು ಒಲ್ಲೆನೆಂದರೆ ಕೂಡಲೇ ಬಿಡಬೇಕು. ಬಾಗಲಕೋಟೆ ಜಿಲ್ಲೆಯವರು ಇಂತಹ ಅರ್ಜಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಯಲ್ಲಿ ಈ ಜಿಲ್ಲೆಯಿದೆ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ.

ಮದುವೆಯಿಲ್ಲದ ಮನೆ

ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿತು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲವೆಂದು ಹೇಳಿ 'ಆಯ್ದುಕೊಂಡ ಕುಟುಂಬ'ದ ಕಲ್ಪನೆಯನ್ನು ಎತ್ತಿಹಿಡಿಯಿತು. ಆ ಮಾತು ತಮಿಳುನಾಡಿನದಾದರೂ ಅರ್ಥ ಎಲ್ಲೆಡೆಯದು.

ದಿನನಿತ್ಯದ ಬಾಳಿನಲ್ಲಿ ಸಣ್ಣ ಕಾಗದಗಳ ಬೆಲೆ ದೊಡ್ಡದು. ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಕುಟುಂಬವೆಂದು ಪರಿಗಣಿಸಬೇಕೆಂದು ಕೇಂದ್ರದ ಆಹಾರ ಇಲಾಖೆ 2024ರಲ್ಲಿ ರಾಜ್ಯಗಳಿಗೆ ತಿಳಿಸಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿಯಾಗಿ ಹೆಸರಿಸಲು ಅಡ್ಡಿಯಿಲ್ಲವೆಂಬ ಸ್ಪಷ್ಟನೆಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಬಂದಿತು. ಇನ್ನು 2023ರ ಜೂನ್ 11ರಂದು ಜಾರಿಯಾದ 'ಶಕ್ತಿ' ಯೋಜನೆಯನ್ನು ಯಾರೂ ಈ ಸಾಲಿನಲ್ಲಿ ಸೇರಿಸುವುದಿಲ್ಲ. ಆದರೂ ಕೈಯಲ್ಲಿ ಹಣವಿಲ್ಲದ ಜಮಖಂಡಿಯ ಮಹಿಳೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬಹುದಾದದ್ದು ಸಾಮಾನ್ಯ ಸಂಗತಿಯೇನಲ್ಲ.

ಉಳಿದಿರುವುದು ಆಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಜಾರಿಗೆ ತಂದಿತು; ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ನೀರಾವರಿಯ ಕಬ್ಬಿನ ಹೊಲದಲ್ಲಿ ಮಗಳಿಗೂ ಪಾಲಿದೆ, ಆಕೆ ಮದುವೆಯಾಗದಿದ್ದರೂ. ಆದರೆ ಆಕೆ ತೀರಿಕೊಂಡರೆ, ಜೊತೆಗೆ ಬಾಳಿದವಳಿಗೆ ಕಾಯ್ದೆಯ ಪ್ರಕಾರ ಏನೂ ತಾನಾಗಿ ಸಲ್ಲುವುದಿಲ್ಲ. ಪಾಲು ತವರಿನವರಿಗೆ ಮರಳುತ್ತದೆ. ಅದನ್ನು ತಪ್ಪಿಸಲು ಉಯಿಲು ಬರೆದಿಡಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ. ನೋಂದಾಯಿಸಲು ಬಯಸುವವರಿಗೆ ಉಪನೋಂದಣಿ ಕಚೇರಿ ಜಮಖಂಡಿ, ಮುಧೋಳ, ಬೀಳಗಿಗಳಲ್ಲಿಯೇ ಇದೆ.